ಬಟಾಣಿ ನನ್ನ ಹತ್ತಿರ ಇದೆ

ಆ ಕಥೆ ನಿಮಗೂ ಗೊತ್ತು. ಇಪ್ಪತ್ತು ಹಾಸಿಗೆ. ಎಲ್ಲಕ್ಕಿಂತ ಕೆಳಗೆ ಒಂದು ಬಟಾಣಿ ಕಾಳು. ಎಲ್ಲಕ್ಕಿಂತ ಮೇಲೆ ಒಬ್ಬ ಹುಡುಗಿ. ಬೆಳಿಗ್ಗೆ ಎದ್ದು, ರಾತ್ರಿಯೆಲ್ಲ ಏನೋ ಒತ್ತುತ್ತಿತ್ತು, ಮೈ ನೀಲಿಗಟ್ಟಿದೆ ಅಂದಳಂತೆ. ಇಷ್ಟು ನಾಜೂಕಿನ ಚರ್ಮ ರಾಜನ ಮಗಳಿಗಲ್ಲದೆ ಇನ್ಯಾರಿಗಿರುತ್ತದೆ ಅಂತ ಮದುವೆ ಮಾಡಿಕೊಂಡರಂತೆ. ಚಿಕ್ಕವಳಿದ್ದಾಗ ನಾನೂ ಇದನ್ನು ಬಾಯಿ ಬಿಟ್ಟುಕೊಂಡು ಕೇಳಿದ್ದೇನೆ. ಈಗ ನಾನು ಕೇಳುತ್ತೇನೆ, ನೀವು ಹೇಳಿ. ಆ ಇಪ್ಪತ್ತು ಹಾಸಿಗೆಗಳನ್ನು ಹೊತ್ತು ಮೇಲೇರಿಸಿದವರು ಯಾರು? ಹಾಸಿಗೆಗಳಿಗೇನು ಕಾಲು ಬಂದು ತಾವೇ ಏಣಿ ಹತ್ತಿದವಾ?

ಹೊತ್ತವಳು ನನ್ನ ಅಕ್ಕ. ಈ ಕಥೆ ಅವಳದು. ಕೇಳುವ ಮನಸ್ಸಿಲ್ಲದವರು ಈಗಲೇ ಎದ್ದು ಹೋಗಿ.

ನಮ್ಮದು ಹಾಸಿಗೆ ಕಾರ್ಖಾನೆ. ನಮ್ಮದು ಅಂದದ್ದಕ್ಕೆ ನಗಬೇಡಿ, ಹನ್ನೊಂದು ವರ್ಷದ ಬಾಯಿ ಅಭ್ಯಾಸ. ಕಾರ್ಖಾನೆ ಅಮ್ಮಾವ್ರದು. ನಾನು ಅಲ್ಲಿ ಅಂಚು ಹೊಲಿಯುವವಳು. ಗೇಣುದ್ದದ ದಬ್ಬಳ, ಮೇಣ ತಿಕ್ಕಿದ ದಾರ. ಮೂಲೆಗಳನ್ನು ಮಿಷಿನ್ನು ಸರಿಯಾಗಿ ಹೊಲಿಯುವುದಿಲ್ಲ, ಅದಕ್ಕೆ ನಾವು ಬೇಕು. ಸ್ಪ್ರಿಂಗಿನ ಮೇಲೆ ನಾರು, ನಾರಿನ ಮೇಲೆ ಹತ್ತಿ, ಹತ್ತಿಯ ಮೇಲೆ ಬಟ್ಟೆ. ಇಷ್ಟನ್ನೂ ಚುಚ್ಚಿಕೊಂಡು ದಬ್ಬಳ ಆ ಕಡೆ ಹೋಗಿ ಈ ಕಡೆ ಬರಬೇಕು. ಸಂಜೆಯ ಹೊತ್ತಿಗೆ ಹೆಬ್ಬೆರಳು ಮರಗಟ್ಟಿರುತ್ತದೆ. ಸೀನಿದರೆ ಮೂಗಿನಿಂದ ಹತ್ತಿ ಬರುತ್ತದೆ.

ಅಕ್ಕನದು ಹೊರುವ ಕೆಲಸ. ಹೊಲಿದು ಮುಗಿದ ಹಾಸಿಗೆಯನ್ನು ತಲೆಯ ಮೇಲಿಟ್ಟುಕೊಂಡು ಗೋಡೌನಿಗೆ, ಗೋಡೌನಿನಿಂದ ಲಾರಿಗೆ. ಒಂದೊಂದೂ ಇಪ್ಪತ್ತೈದು ಕಿಲೋ. ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದು ಹೋಗಿತ್ತು. "ಬಾಚೋ ಕೆಲಸ ಕಡಿಮೆ ಆಯ್ತು ಬಿಡೇ" ಅಂತ ನಗುತ್ತಿದ್ದಳು. ಮನೆಗೆ ಬಂದು ನಾವಿಬ್ಬರೂ ಮಲಗುತ್ತಿದ್ದದ್ದು ಚಾಪೆಯ ಮೇಲೆ.

ಅಮ್ಮಾವ್ರ ಮನೆತನಕ್ಕೆ ಒಂದು ಹುಚ್ಚು. ಆ ಕಥೆಯ ಹುಡುಗಿ ತಮ್ಮ ಮುತ್ತಜ್ಜಿಯೇ ಅಂತ ಹೇಳಿಕೊಳ್ಳುತ್ತಾರೆ. ಶೋರೂಮಿನ ಗೋಡೆಯ ತುಂಬ ಅದರದೇ ಚಿತ್ರ. ಪ್ರತಿ ಹಾಸಿಗೆಯ ಮೂಲೆಗೂ ಹಸಿರು ಬಟಾಣಿಯ ಗುರುತಿನ ಚೀಟಿ. ಅದನ್ನು ಹೊಲಿಯುವವಳೂ ನಾನೇ. ಆ ಮನೆಗೆ ಸೊಸೆಯಾಗಿ ಬರುವವಳು ಮದುವೆಗೆ ಮುಂಚೆ ಒಂದು ರಾತ್ರಿ ಶೋರೂಮಿನಲ್ಲಿ ಇಪ್ಪತ್ತು ಹಾಸಿಗೆಗಳ ಮೇಲೆ ಮಲಗಬೇಕು. ಸಂಜೆ ನೆಂಟರು, ಅಂಗಡಿಯವರು, ಪತ್ರಿಕೆಯವರು ಬರುತ್ತಾರೆ. ಅವರೆದುರು ಅತ್ತೆಯಾಗುವವರು ಬೆಳ್ಳಿ ಡಬ್ಬಿಯಿಂದ ಒಣ ಬಟಾಣಿಯೊಂದನ್ನು ತೆಗೆದು ಮಂಚದ ಹಲಗೆಯ ಮೇಲಿಡುತ್ತಾರೆ. ಅದರ ಮೇಲೆ ಹಾಸಿಗೆಗಳು ಏರುತ್ತವೆ. ಬೆಳಿಗ್ಗೆ ಹುಡುಗಿ ಇಳಿದು ಬಂದು ನೋವು ಅನ್ನಬೇಕು. ಆಮೇಲೆ ಹಾಸಿಗೆಗಳನ್ನು ಒಂದೊಂದಾಗಿ ಇಳಿಸಿ, ಕಾಳು ತೋರಿಸಿ, ಚಪ್ಪಾಳೆ ತಟ್ಟಿಸಿಕೊಳ್ಳುತ್ತಾರೆ. ಮೂವತ್ತು ವರ್ಷದ ಹಿಂದೆ ಅಮ್ಮಾವ್ರೂ ಹಾಗೇ ಮಲಗಿ ಎದ್ದವರು.

ಈ ಸಲ ಮಗನ ಮದುವೆ. ಆರು ವಾರ ಮುಂಚೆಯೇ ಜಾಹೀರಾತಿಗೆ ಫೋಟೋ ಬೇಕು ಅಂತ ಇಪ್ಪತ್ತನ್ನೂ ಒಟ್ಟಲು ಹೇಳಿದರು. ಹತ್ತಡಿ ಎತ್ತರ. ಕೆಳಗಿನವನ್ನು ಇಬ್ಬಿಬ್ಬರು ಹಿಡಿದು ಎತ್ತಿ ಹಾಕಬಹುದು. ಮೇಲಿನವನ್ನು ಏಣಿ ಹತ್ತಿಯೇ ಹಾಕಬೇಕು. ಶೋರೂಮಿನ ನೆಲ ಉಜ್ಜಿ ಉಜ್ಜಿ ಜಾರುತ್ತದೆ. ಅದಕ್ಕೇ ಏಣಿಯ ಬುಡ ಹಿಡಿದು ನಾನು ನಿಂತಿದ್ದೆ. ಅಕ್ಕ ಹದಿನೆಂಟನೆಯದನ್ನು ಹೊತ್ತು ಹತ್ತುತ್ತಿದ್ದಳು.

"ಏಯ್, ನೀನು, ಪಕ್ಕಕ್ಕೆ ಹೋಗು. ಫೋಟೋದಲ್ಲಿ ಬರ್ತಿದೀಯ," ಅಂದ ಸೂಪರ್‌ವೈಸರ್. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುತ್ತಾನೆ. ನಾವು ಅವನನ್ನು ಸೀಟಿ ಅಂತಲೇ ಕರೆಯುವುದು.

"ಏಣಿ ಜಾರುತ್ತೆ ಸಾರ್."

"ಎರಡು ನಿಮಿಷಕ್ಕೆ ಏನೂ ಆಗಲ್ಲ. ಹೋಗೇ ಆಚೆ."

ಸೀಟಿ ಊದಿದ. ನಾನು ಹೋದೆ. ಹೋಗಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಹನ್ನೊಂದು ವರ್ಷ ಆ ಸದ್ದಿಗೆ ಎದ್ದು ಕೂತ ಮೈ, ತಾನಾಗಿಯೇ ಸರಿಯಿತು. ಈಗಲೂ ನೆನೆಸಿಕೊಂಡರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ. ಏಣಿ ಜಾರಿತು. ಅಕ್ಕ ಬೆನ್ನಡಿಯಾಗಿ ಬಿದ್ದಳು. ಅವಳ ಮೇಲೆ ಹಾಸಿಗೆ ಬಿತ್ತು. ಅಮ್ಮಾವ್ರು ಓಡಿ ಬಂದರು. ಓಡಿ ಬಂದು ಹಾಸಿಗೆಯನ್ನು ತಿರುಗಿಸಿ ನೋಡಿದರು, ಬಟ್ಟೆ ಹರಿದಿದೆಯಾ ಅಂತ.

ಕಂಪನಿಯ ಡಾಕ್ಟರ ಕೋಣೆ ಗೇಟಿನ ಪಕ್ಕದಲ್ಲೇ ಇದೆ. ಅಕ್ಕನನ್ನು ನಾಲ್ಕು ಜನ ಹೊತ್ತು ತಂದು ಬೆಂಚಿನ ಮೇಲೆ ಮಲಗಿಸಿದೆವು. ಡಾಕ್ಟರು ಎದ್ದು ಬಂದು ಕಾಗದದ ಕಟ್ಟಿನಿಂದ ಒಂದು ಗುಂಡುಪಿನ್ನು ಕಿತ್ತು ಅವಳ ಅಂಗಾಲಿಗೆ ಚುಚ್ಚಿದರು.

"ನೋವಾಯ್ತಾ?"

"ಇಲ್ಲ ಸಾರ್."

ಇನ್ನೊಂದು ಕಾಲಿಗೆ ಚುಚ್ಚಿದರು. ರಕ್ತದ ಹನಿ ಬಂತು. "ಈಗ?"

"ಇಲ್ಲ ಸಾರ್. ಕಾಲು ಇದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ."

"ಗೊತ್ತಾಗ್ತಿಲ್ಲ ಅಂದ್ರೆ ನೋವಿಲ್ಲ ತಾನೆ? ನಿಮ್ಮದೆಲ್ಲ ದಪ್ಪ ಚರ್ಮ. ಎರಡು ದಿನ ಬಿಸಿನೀರಿನ ಶಾಖ ಕೊಡಿ, ಸರಿಹೋಗುತ್ತೆ."

ಕಾಗದ ತೆಗೆದು ಬರೆದರು. ನೋವು ಇಲ್ಲ. ಕೆಲಸಕ್ಕೆ ಯೋಗ್ಯಳು. ಕೆಳಗೆ ಸಹಿ, ಮೊಹರು. ನಾಲ್ಕನೆಯ ದಿನ ಕೆಲಸಕ್ಕೆ ಬರಲಿಲ್ಲ ಅಂತ ಅಕ್ಕನ ಹೆಸರನ್ನು ಹೊಡೆದುಹಾಕಿದರು.

ದೊಡ್ಡಾಸ್ಪತ್ರೆಯವರು ಚಿತ್ರ ತೆಗೆದು ನೋಡಿದರು. ಬೆನ್ನಿನ ಮೂಳೆ ಒಡೆದು ನರವನ್ನು ಒತ್ತಿದೆ, ಬೇಗ ಆಪರೇಷನ್ ಆಗಬೇಕು, ತಡ ಮಾಡಿದಷ್ಟೂ ಕಾಲು ವಾಪಸು ಬರುವುದು ಕಷ್ಟ ಅಂದರು. ಆದರೆ ಕೆಲಸದ ಜಾಗದಲ್ಲಾದ ಪೆಟ್ಟು, ಕಂಪನಿ ಡಾಕ್ಟರು ಬರೆದುಕೊಡದೆ ಸೇರಿಸಿಕೊಳ್ಳುವ ಹಾಗಿಲ್ಲ ಅಂದರು. ನಾನು ಆ ಡಾಕ್ಟರ ಬಾಗಿಲಿಗೆ ಐದು ಸಲ ಹೋದೆ. ಕಾಲು ಹಿಡಿದೆ. ಹೌದು, ಹಿಡಿದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಐದನೆಯ ಸಲ ಅವರು ಕಾಲು ಕೊಡವಿಕೊಂಡು, "ನೋವಿಲ್ಲದವಳಿಗೆ ನೋವಿದೆ ಅಂತ ಸುಳ್ಳು ಬರೀಲಾ? ನನಗೂ ಮನಸ್ಸಾಕ್ಷಿ ಇದೆಯಮ್ಮ," ಅಂದರು.

ಮನೆಯಲ್ಲಿ ಅಕ್ಕ ಚಾಪೆಯ ಮೇಲೆ. ಬೆಳಿಗ್ಗೆ ಅವಳ ಮಲಮೂತ್ರ ಬಳಿದು, ಮಗ್ಗುಲು ತಿರುಗಿಸಿ, ಕೆಲಸಕ್ಕೆ ಓಡುತ್ತಿದ್ದೆ. ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು ತಿರುಗಿಸುತ್ತಿದ್ದಳು. ಮಲಗಿ ಮಲಗಿ ಸೊಂಟದ ಕೆಳಗೆ ಹುಣ್ಣಾಯಿತು. ಮೂರನೆಯ ವಾರಕ್ಕೆ ನನ್ನ ಮುಷ್ಟಿ ಹಿಡಿಸುವಷ್ಟು ಗುಂಡಿ. ಅದನ್ನು ತೊಳೆಯುವಾಗಲೂ ಅವಳು ಕಿರುಚುತ್ತಿರಲಿಲ್ಲ. "ಮುಗೀತಾ?" ಅಂತ ಕೇಳುತ್ತಿದ್ದಳು. ಅವಳು ಕಿರುಚದ್ದನ್ನು ನೋಡಿ ನನಗೆ ಕಿರುಚಬೇಕು ಅನಿಸುತ್ತಿತ್ತು.

ಆರು ವಾರ ಕಳೆಯಿತು. ಆ ಸಂಜೆ ಬಂತು.

ಅಮ್ಮಾವ್ರು ಬೆಳ್ಳಿ ಡಬ್ಬಿ ತೆರೆದು, ಎರಡು ಬೆರಳಲ್ಲಿ ಬಟಾಣಿ ಹಿಡಿದು ಎಲ್ಲರಿಗೂ ತೋರಿಸಿ, ಹಲಗೆಯ ನಡುವೆ ಇಟ್ಟರು. ಅದರ ಮೇಲೆ ಬಿಳಿ ಬಟ್ಟೆ ಹಾಸಿದರು. ಮೊದಲನೆಯ ಹಾಸಿಗೆಯನ್ನು ನಾವು ಮೇಲೆ ಹಾಕಿದೆವು. ಹಾಸಿಗೆ ಹಾಕಿದಾಗ ಅಡಿಯ ಬಟ್ಟೆ ಸುಕ್ಕಾಗುತ್ತದೆ. ಅಂಚು ಹೊಲಿಯುವವಳು ಹೆಗಲ ತನಕ ಕೈ ತೂರಿಸಿ ಸುಕ್ಕು ಎಳೆಯಬೇಕು. ಕಾರ್ಖಾನೆಯಲ್ಲಿ ದಿನಕ್ಕೆ ನೂರು ಸಲ ಮಾಡುವ ಕೆಲಸ. ಅದನ್ನೇ ಮಾಡಿದೆ, ಬಟ್ಟೆಯ ಅಡಿಗೂ ಕೈ ಹೋಯಿತು. ಕೈ ಆಚೆ ಬಂದಾಗ ಮುಷ್ಟಿಯೊಳಗೆ ಬಟಾಣಿ ಇತ್ತು. ನೂರು ಜನ ನೋಡುತ್ತಿದ್ದರು, ಕ್ಯಾಮೆರಾಗಳಿದ್ದವು. ನಮ್ಮಂಥವರ ಕೈಯನ್ನು ಯಾರು ನೋಡುತ್ತಾರೆ? ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಯಾಕೆ ತೆಗೆದೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಅವರದು ಏನಾದರೂ ಒಂದು ನನ್ನ ಹತ್ತಿರ ಇರಲಿ ಅನಿಸಿತು, ಅಷ್ಟೇ.

ಅಕ್ಕನ ಬದಲಿಗೆ ಏಣಿ ಹತ್ತಿದವಳು ಗುಂಡಕ್ಕ. ನಮ್ಮೆಲ್ಲರಿಗಿಂತ ದೊಡ್ಡವಳು, ಮಂಡಿ ನೋವಿನವಳು. ನಾನು ಏಣಿಯ ಬುಡವನ್ನು ಅಪ್ಪಿ ಹಿಡಿದೆ. ಪಕ್ಕಕ್ಕೆ ಹೋಗು ಅಂತ ಸೀಟಿ ಎರಡು ಸಲ ಊದಿದ. ಮೂರನೆಯ ಸಲ ಕಿವಿಯ ಹತ್ತಿರವೇ ಬಂದು ಊದಿದ. ಅವನ ಉಗುಳು ನನ್ನ ಕೆನ್ನೆಗೆ ಸಿಡಿಯಿತು. ನಾನು ಬಿಡಲಿಲ್ಲ. ಗುಂಡಕ್ಕ ಇಳಿದ ಮೇಲೆಯೇ ಬಿಟ್ಟೆ.

ಮನೆಗೆ ಬಂದವಳೇ ಅಕ್ಕನ ಎಡಗಾಲಿನ ಹಿಮ್ಮಡಿಯ ಕೆಳಗೆ ಬಟಾಣಿ ಇಟ್ಟೆ. ಮೇಲಿಂದ ಒತ್ತಿದೆ.

"ಅಕ್ಕಾ, ಕಾಲ ಕೆಳಗೆ ಏನಿದೆ ಹೇಳು."

"ಇನ್ನೇನಿರುತ್ತೆ? ಚಾಪೆ."

ಇನ್ನೂ ಜೋರಾಗಿ ಒತ್ತಿದೆ. ಕಾಳು ಚರ್ಮದೊಳಗೆ ಹೂತಿತು. "ಈಗ?"

"ಏನೇ ಆಗಿದೆ ನಿನಗೆ? ಕೈಕಾಲು ತೊಳೆದು ಊಟ ಮಾಡು ಹೋಗು."

ಇಪ್ಪತ್ತು ಹಾಸಿಗೆಯ ಮೇಲಿನವಳಿಗೆ ಗೊತ್ತಾಗುವ ಕಾಳು, ಬರಿಗಾಲಿಗೆ ಒತ್ತಿದರೂ ನನ್ನ ಅಕ್ಕನಿಗೆ ಗೊತ್ತಾಗಲಿಲ್ಲ. ಅಳು ಬರಲಿಲ್ಲ. ನಾಳೆ ಇವರನ್ನು ಬಿಡಬಾರದು ಅಂದುಕೊಂಡೆ. ಆಮೇಲೆ ಕೈಕಾಲು ತೊಳೆದು ಹೊಟ್ಟೆ ತುಂಬ ಊಟ ಮಾಡಿದೆ.

ಬೆಳಿಗ್ಗೆ ಗೇಟಿನ ನಲ್ಲಿಯ ಹತ್ತಿರ ನನ್ನ ಜೊತೆ ಕೆಲಸ ಮಾಡುವ ಹನ್ನೊಂದು ಜನರಿಗೂ ಬಟಾಣಿ ತೋರಿಸಿ, ನಡೆದದ್ದೆಲ್ಲ ಹೇಳಿದೆ. ಒಬ್ಬಳು, "ಕೆಲಸ ಹೋಗುತ್ತೆ ಕಣೇ," ಅಂದಳು.

"ಹೋಗಲಿ," ಅಂದಳು ಗುಂಡಕ್ಕ. "ನಿನ್ನೆ ಆ ಏಣಿ ಮೇಲಿದ್ದವಳು ನಾನು. ಕೆಳಗೆ ಇವಳು ಹಿಡಿದುಕೊಂಡಿರದಿದ್ರೆ ಇವತ್ತು ನಾನೂ ಚಾಪೆ ಮೇಲಿರ್ತಿದ್ದೆ. ಇವತ್ತು ಒಂದು ಹಾಸಿಗೆನೂ ಎತ್ತೋದು ಬೇಡ. ಅವರಿಗೆ ಎತ್ತೋಕೆ ಬರುತ್ತಾ ನೋಡೇಬಿಡೋಣ."

ಶೋರೂಮು ತುಂಬಿತ್ತು. ಸೊಸೆಯಾಗುವ ಹುಡುಗಿ ಏಣಿ ಇಳಿದು ಬಂದಳು. ಆಕಳಿಕೆ ತಡೆದುಕೊಳ್ಳುತ್ತಿದ್ದಳು. ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಅಚ್ಚು ಬಿದ್ದಿತ್ತು. ಮಗ್ಗುಲು ಬದಲಿಸದೆ ಗಡದ್ದಾಗಿ ಮಲಗಿದವರಿಗೆ ಮಾತ್ರ ಬೀಳುವ ಅಚ್ಚು ಅದು. ಹಾಸಿಗೆ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ರಾತ್ರಿಯೆಲ್ಲ ನಿದ್ದೇನೇ ಬರಲಿಲ್ಲ. ಏನೋ ಗಟ್ಟಿ ಒತ್ತುತ್ತಾ ಇತ್ತು. ಮೈಯೆಲ್ಲ ನೋವು," ಅಂದಳು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ.

ಜನ ಅಯ್ಯೋ ಪಾಪ ಅಂದರು. ಅಮ್ಮಾವ್ರು ಅವಳ ತಲೆ ಸವರಿ ಡಾಕ್ಟರನ್ನು ಕರೆದರು. ಅದೇ ಡಾಕ್ಟರು. ಹುಡುಗಿಯ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ಕಂಪನಿಯ ಕಾಗದದ ಮೇಲೆ ಬರೆದು ಗಟ್ಟಿಯಾಗಿ ಓದಿದರು. ಇಪ್ಪತ್ತು ಹಾಸಿಗೆಗಳ ಕೆಳಗಿನ ಒಂದು ಕಾಳಿನಿಂದ ತೀವ್ರ ನೋವು. ಹದಿನೈದು ದಿನ ಸಂಪೂರ್ಣ ವಿಶ್ರಾಂತಿ ಅಗತ್ಯ. ಸಹಿ, ಮೊಹರು. ಚಪ್ಪಾಳೆಯೋ ಚಪ್ಪಾಳೆ.

ನಾನು ಜೇಬಿನಲ್ಲಿದ್ದ ಬಟಾಣಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡೆ.

"ಇಳಿಸಿ," ಅಂದರು ಅಮ್ಮಾವ್ರು. ಸೀಟಿ ಊದಿದ. ನಾವು ಹನ್ನೆರಡು ಜನ ಗೋಡೆಗೆ ಬೆನ್ನು ಕೊಟ್ಟು ಕೈ ಕಟ್ಟಿ ನಿಂತೆವು. ಅವನು ಮತ್ತೆ ಊದಿದ. ಯಾರ ಕಾಲೂ ಕದಲಲಿಲ್ಲ.

"ಕಿವಿ ಕೇಳಿಸಲ್ವಾ?" ಅಮ್ಮಾವ್ರು ನನ್ನ ಹತ್ತಿರ ಬಂದರು.

"ಕೇಳಿಸ್ತು. ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ಮೈ ನೋವು."

"ನಿನಗಾ? ಮೈ ನೋವಾ?"

"ಹನ್ನೆರಡು ಜನಕ್ಕೂ."

"ರಾತ್ರಿ ಬಟಾಣಿ ಒತ್ತಿಬಿಡ್ತು ಅಮ್ಮಾವ್ರೇ," ಅಂದಳು ಗುಂಡಕ್ಕ. ಪತ್ರಿಕೆಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಮ್ಮಾವ್ರ ಮುಖ ಕೆಂಪಾಯಿತು. ಎಲ್ಲರನ್ನೂ ಇವತ್ತೇ ಗೇಟಿನಾಚೆ ಹಾಕ್ತೀನಿ ಅಂದರು. ಹಾಕಿ ಅಂದೆ. ಆದರೆ ಕ್ಯಾಮೆರಾಗಳು ಕಾಯುತ್ತಿದ್ದವು, ಕಾಳು ತೋರಿಸದೆ ಜನರನ್ನು ಕಳಿಸುವಂತಿರಲಿಲ್ಲ. ಕೊನೆಗೆ ಅವರೇ ಇಳಿಸಬೇಕಾಯಿತು.

ಅಯ್ಯಯ್ಯೋ, ಅದನ್ನು ನೀವು ನೋಡಬೇಕಿತ್ತು. ಮದುವೆ ಗಂಡು ಏಣಿ ಹತ್ತಿ ಮೊದಲನೆಯದನ್ನು ತಳ್ಳಿದ. ಅದು ನೇರವಾಗಿ ಸೀಟಿಯ ತಲೆಯ ಮೇಲೆ ಬಿತ್ತು. ಅವನ ಬಾಯಲ್ಲಿದ್ದ ಸೀಟಿ ಪೀ ಅಂದು ನಿಂತಿತು. ಅಂಗಡಿಯವರು ಇಬ್ಬರು ಕೋಟು ಬಿಚ್ಚಿಟ್ಟು ಬಂದು ಐದು ಇಳಿಸುವಷ್ಟರಲ್ಲಿ ಏದುಸಿರು ಬಿಡುತ್ತ ಕೂತರು. ಅಮ್ಮಾವ್ರು ತಾವೇ ಒಂದರ ಅಂಚು ಹಿಡಿದು ಎಳೆದರು. ಉಗುರು ಮುರಿಯಿತು. ಅಂಚು ಬಿಚ್ಚಿಕೊಳ್ಳಲಿಲ್ಲ, ನಾನು ಹೊಲಿದದ್ದು ಅದು.

"ಡಾಕ್ಟ್ರೇ, ಏನು ನೋಡ್ತಾ ನಿಂತಿದ್ದೀರಿ? ಹಿಡೀರಿ!" ಅಂತ ಕೂಗಿದರು.

ಡಾಕ್ಟರು ಹಿಡಿದರು. ಹಾಸಿಗೆಯನ್ನು ಎತ್ತುವಾಗ ಮಂಡಿ ಬಗ್ಗಿಸಬೇಕು, ಸೊಂಟ ತಿರುಚಬಾರದು. ನಮ್ಮಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ. ಅವರಿಗೆ ಯಾರು ಹೇಳಬೇಕು? ಸೊಂಟ ತಿರುಚಿದರು. "ಅಮ್ಮಾ!" ಅಂತ ಕಿರುಚಿಕೊಂಡು ಇಳಿಸಿಟ್ಟ ಹಾಸಿಗೆಗಳ ಮೇಲೆ ಅಡ್ಡಬಿದ್ದರು. ನನಗೆ ಸಂತೋಷವಾಯಿತಾ? ಆಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಆಯಿತು.

ಕಡೆಯ ಹಾಸಿಗೆಯನ್ನು ಮಗನೂ ಸೀಟಿಯೂ ಸೇರಿ ಎಳೆದು ಹಾಕಿದರು. ಅಮ್ಮಾವ್ರು ಬಿಳಿ ಬಟ್ಟೆ ಸರಿಸಿದರು. ಬರೀ ಹಲಗೆ. ಬಗ್ಗಿ ನೋಡಿದರು. ಮಂಡಿಯೂರಿ ಹಲಗೆಯ ಮೇಲೆಲ್ಲ ಅಂಗೈ ಸವರಿದರು. ಕ್ಯಾಮೆರಾಗಳು ಟಕ ಟಕ ಅಂದವು.

"ಎಲ್ಲಿ? ಎಲ್ಲಿ ಹೋಯ್ತು?"

ನಾನು ಮುಂದೆ ಹೋಗಿ ಅವರ ಮೂಗಿನ ಮುಂದೆ ಅಂಗೈ ಬಿಚ್ಚಿದೆ.

"ಇಲ್ಲಿದೆ. ನಿನ್ನೆ ಸಂಜೆಯಿಂದ ನನ್ನ ಹತ್ತಿರಾನೇ ಇದೆ. ನಿಮ್ಮ ಸೊಸೆ ಮಲಗಿದ್ದು ಬರೀ ಹಲಗೆ ಮೇಲೆ ಜೋಡಿಸಿದ ಹಾಸಿಗೆ ಮೇಲೆ. ಇಲ್ಲದ ಕಾಳಿಗೆ ನೋವಾಯ್ತು ಅಂದ್ರೆ ಡಾಕ್ಟ್ರು ಮೊಹರು ಒತ್ತಿಕೊಟ್ರು. ಇದೇ ಜಾಗದಲ್ಲಿ, ಇದೇ ಹಾಸಿಗೆ ಹೊತ್ಕೊಂಡು ನನ್ನ ಅಕ್ಕ ಬಿದ್ದು ಬೆನ್ನು ಮುರ್ಕೊಂಡಳು. ಅವಳಿಗೆ ನೋವಿಲ್ಲ ಅಂತ ಬರೆದ್ರು. ಆರು ವಾರದಿಂದ ಕೊಳೀತಾ ಬಿದ್ದಿದಾಳೆ ಅವಳು. ಬನ್ನಿ, ನಮ್ಮ ಮನೆಗೆ ಬನ್ನಿ, ಹುಣ್ಣು ತೋರಿಸ್ತೀನಿ. ಆ ಫೋಟೋನೂ ತೆಗೀರಿ."

ಪತ್ರಿಕೆಯವರೆಲ್ಲ ಹುಡುಗಿಯ ಕಡೆ ತಿರುಗಿದರು. ಅವಳು ಅಮ್ಮಾವ್ರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ನನಗೆ ಚೆನ್ನಾಗೇ ನಿದ್ದೆ ಬಂತು," ಅಂದಳು. "ಹೀಗೆ ಹೇಳು ಅಂದ್ರು, ಹೇಳಿದೆ."

ನಾನು ಡಾಕ್ಟರ ಹತ್ತಿರ ಹೋದೆ. ಅವರು ಮಗ್ಗುಲಾಗಿ ಬಿದ್ದು ನರಳುತ್ತಿದ್ದರು. ಒಂದು ಕಾಲಿನ ಬೂಟು ಕಳಚಿಹೋಗಿತ್ತು. ಅವರ ಪಾದದ ಹತ್ತಿರ ಕೂತು, ಏಪ್ರನ್ನಿನಿಂದ ದಬ್ಬಳ ತೆಗೆದೆ. ಅಂಗಾಲಿಗೆ ಚುಚ್ಚಿದೆ. ಆಳಕ್ಕೇನಲ್ಲ, ಅವರು ಅಕ್ಕನಿಗೆ ಚುಚ್ಚಿದಷ್ಟೇ. ಛಾವಣಿ ಹಾರಿಹೋಗುವ ಹಾಗೆ ಕೂಗಿಕೊಂಡರು.

"ನೋವಾಯ್ತಾ ಸಾರ್?"

"ಆಯ್ತು! ಆಯ್ತು!"

"ಹಾಗಾದ್ರೆ ನಿಮ್ಮ ಕಾಲಿಗೆ ಏನೂ ಆಗಿಲ್ಲ. ಎರಡು ದಿನ ಬಿಸಿನೀರಿನ ಶಾಖ ಕೊಡಿ, ಸರಿಹೋಗುತ್ತೆ. ಚುಚ್ಚಿದ್ರೂ ಗೊತ್ತಾಗದ ಕಾಲಿನದು ಏನು ಅಂತ ಈಗ ಬರೀರಿ."

ಪತ್ರಿಕೆಯವರು ಸುತ್ತ ಬಂದು ನಿಂತರು. ಇಲ್ಲದ ಕಾಳಿಗೆ ಹೇಗೆ ಬರೆದುಕೊಟ್ರಿ ಅಂತ ಒಬ್ಬರು ಕೇಳಿದರು. ಡಾಕ್ಟರು ಅಮ್ಮಾವ್ರ ಕಡೆ ನೋಡಿದರು. ಅಮ್ಮಾವ್ರು ಇನ್ನೂ ಹಲಗೆಯ ಪಕ್ಕ ಮಂಡಿಯೂರಿಕೊಂಡೇ ಇದ್ದರು, ಮುರಿದ ಉಗುರನ್ನು ಬಾಯಲ್ಲಿಟ್ಟುಕೊಂಡು. ಡಾಕ್ಟರು ಮಲಗಿದಲ್ಲೇ ಬರೆದರು. ಕೆಲಸದ ಜಾಗದಲ್ಲಿ ಏಣಿಯಿಂದ ಬಿದ್ದು ಬೆನ್ನೆಲುಬಿಗೆ ಪೆಟ್ಟು. ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಕೂಡಲೇ ಸೇರಿಸಿಕೊಳ್ಳುವುದು. ಮೊಹರು ಅವರ ಕೋಟಿನ ಜೇಬಿನಲ್ಲೇ ಇತ್ತು. ಮಲಗಿಕೊಂಡೇ ಒತ್ತಿದ್ದಕ್ಕೆ ವಾರೆಯಾಯಿತು. ಇನ್ನೊಂದು ಸಲ ನೆಟ್ಟಗೆ ಒತ್ತಿಸಿದೆ.

ಆಮೇಲೆ ನಾವು ಹನ್ನೆರಡು ಜನ ಸೇರಿ ಒಂದು ಹಾಸಿಗೆ ಎತ್ತಿದೆವು. ಒಂದೇ ಒಂದು.

"ಏಯ್, ಅದು ಕಂಪನಿ ಹಾಸಿಗೆ!" ಅಂದ ಸೀಟಿ.

"ಹೌದಾ? ಬಂದು ಇಳಿಸಿಕೋ," ಅಂದಳು ಗುಂಡಕ್ಕ.

ಮನೆಗೆ ಒಯ್ದು, ಅದರ ಮೇಲೆಯೇ ಅಕ್ಕನನ್ನು ಮಲಗಿಸಿಕೊಂಡು, ಹಗಲ ಬೆಳಕಲ್ಲಿ, ರಸ್ತೆಯ ನಡುವೆ ದೊಡ್ಡಾಸ್ಪತ್ರೆಗೆ ಹೊತ್ತು ನಡೆದೆವು. ಗಾಡಿಗಳು ನಿಂತು ದಾರಿ ಬಿಟ್ಟವು. "ಹತ್ತು ವರ್ಷ ಹೊತ್ತೆ ಕಣೇ, ಮಲಗಿದ್ರೆ ಹೀಗಿರುತ್ತಾ ಇದು?" ಅಂದಳು ಅಕ್ಕ. ಆಗ ನನಗೆ ಅಳು ಬಂತು.

ಹನ್ನೆರಡು ಜನರ ಕೆಲಸವೂ ಹೋಯಿತು. ಮಾರನೆಯ ದಿನದ ಪತ್ರಿಕೆಯಲ್ಲಿ ಅಮ್ಮಾವ್ರು ಮಂಡಿಯೂರಿ ಹಲಗೆ ಸವರುವ ಫೋಟೋ ಬಂತು. ಪಕ್ಕದಲ್ಲೇ ನಾನಿದ್ದೇನೆ, ಮುಖ ಚೆನ್ನಾಗಿ ಕಾಣುತ್ತದೆ. ಯಾರೂ ನನಗೆ ಪಕ್ಕಕ್ಕೆ ಹೋಗು ಅನ್ನಲಿಲ್ಲ. ಈಗ ಹಾಸಿಗೆಗಳಿಂದ ಬಟಾಣಿಯ ಚೀಟಿ ಕಿತ್ತುಹಾಕುತ್ತಿದ್ದಾರಂತೆ. ನನ್ನ ಹೊಲಿಗೆ, ಸುಲಭಕ್ಕೆ ಬರುವುದಿಲ್ಲ. ಬೆರಳು ಚುಚ್ಚಿಸಿಕೊಳ್ಳಲಿ.

ತುಂಬ ತಡವಾಗಿ ತಂದಿದ್ದೀರಿ ಅಂದರು ಆಸ್ಪತ್ರೆಯವರು. ಆದರೂ ಆಪರೇಷನ್ ಮಾಡಿದರು. ಆವತ್ತಿನಿಂದ ದಿನಾ ಸಂಜೆ ನಾನು ಅಕ್ಕನ ಹಿಮ್ಮಡಿಯ ಕೆಳಗೆ ಬಟಾಣಿ ಇಟ್ಟು ಒತ್ತುತ್ತೇನೆ. ಗೊತ್ತಾಗುತ್ತಾ ಅಂತ ಕೇಳುತ್ತೇನೆ. ಇಲ್ಲ ಅನ್ನುತ್ತಾಳೆ. ಎರಡು ತಿಂಗಳು ಇಲ್ಲ ಅಂದಳು. ಮೊನ್ನೆ ಎಡಗಾಲಿಗೆ ಒತ್ತಿದ ಕೂಡಲೇ, "ಥೂ, ಏನೇ ಅದು ದರಿದ್ರ, ಚುಚ್ತಿದೆ, ತೆಗಿಯೇ!" ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಕಿರುಚಿದಳು. ನಾನು ತೆಗೆಯಲಿಲ್ಲ. ಇನ್ನಷ್ಟು ಒತ್ತಿದೆ. ಅವಳು ನನ್ನನ್ನೂ ನನ್ನ ಹುಟ್ಟನ್ನೂ ಸೇರಿಸಿ ಬೈದಳು. ನಾನು ನಗುತ್ತಲೇ ಇದ್ದೆ.

ಅದು ಎಡಗಾಲು. ಬಲಗಾಲಿಗೆ ಇನ್ನೂ ಏನೂ ಗೊತ್ತಾಗುವುದಿಲ್ಲ. ಅದಕ್ಕೆ 'ನೋವಿಲ್ಲ' ಅಂತ ಬರೆದವರು ಹೊಸ ಕೋಣೆಯಲ್ಲಿ, ಹೊಸ ಕಂಪನಿಯಲ್ಲಿ ಕೂತಿದ್ದಾರಂತೆ. ವಿಳಾಸ ಸಿಕ್ಕಿದೆ. ನಾಳೆ ಬೆಳಿಗ್ಗೆ ನಾವು ಹನ್ನೆರಡು ಜನ ಹೋಗುತ್ತಿದ್ದೇವೆ. ಆ ಬಾಗಿಲಲ್ಲಿ ಸಾಲು ನಿಂತ ಕೆಲಸದವರಿಗೆಲ್ಲ ಈ ಕಥೆ ಹೇಳುತ್ತೇವೆ. ಬಟಾಣಿ ನನ್ನ ಜೇಬಿನಲ್ಲಿದೆ. ದಬ್ಬಳವೂ ಇದೆ.